ನಮ್ಮ ಹುಡುಗಿಗೆ ಯಾವ ಪಾರ್ಟು, ಮಿಸ್?

ದಸರಾ ರಜೆ ಮುಗಿದು ಶಾಲೆ ತೆರೆದ ವಾರದಲ್ಲೇ ನಮ್ಮ ಗೇಟಿನ ಮುಂದೆ ತಾಯಂದಿರ ಗುಂಪು ಸ್ವಲ್ಪ ದೊಡ್ಡದಾಗುತ್ತದೆ. ಮಕ್ಕಳನ್ನು ಬಿಟ್ಟು ಮನೆಗೆ ಹೋಗಬೇಕಾದವರು ಹೋಗುವುದಿಲ್ಲ. ನಾನು ಬಸ್ಸಿಳಿದು ಬನಶಂಕರಿ ಎರಡನೇ ಹಂತದ ಆ ತಿರುವಿಗೆ ಬರುತ್ತಿದ್ದಂತೆ ಯಾರಾದರೊಬ್ಬರು ಜೊತೆಗೆ ಹೆಜ್ಜೆ ಹಾಕುತ್ತಾರೆ. ಮೊದಲು ಮಳೆಯ ಮಾತು, ಆಮೇಲೆ ಟೊಮ್ಯಾಟೊ ಬೆಲೆ, ಗೇಟು ಹತ್ತಿರವಾದಾಗ ನಿಜವಾದ ಮಾತು: "ಈ ಸಲ ನಮ್ಮ ಹುಡುಗಿಗೆ ಯಾವ ಪಾರ್ಟು, ಮಿಸ್?"

ಡಿಸೆಂಬರಿನಲ್ಲಿ ಸ್ಕೂಲ್ ಡೇ. ಕನ್ನಡ ಪಾಠ ಮಾಡುವವಳು ಎಂಬ ಒಂದೇ ಕಾರಣಕ್ಕೆ ನಾಟಕದ ಹೊಣೆ ನನ್ನ ತಲೆಗೆ ಬಂದು ಎಷ್ಟೋ ವರ್ಷಗಳಾದವು. ನಾಟಕ ಆಡಿಸುವುದನ್ನು ನನಗೆ ಬಿ.ಎಡ್.ನಲ್ಲಿ ಯಾರೂ ಕಲಿಸಿರಲಿಲ್ಲ. ತರಗತಿಯಲ್ಲಿ ನಲವತ್ತೆರಡು ಮಕ್ಕಳು, ನಾಟಕದಲ್ಲಿ ಒಂಬತ್ತು ಪಾತ್ರ. ಉಳಿದ ಮೂವತ್ಮೂರು ಮನೆಗಳಲ್ಲಿ ಆ ರಾತ್ರಿ ನನ್ನ ಹೆಸರಿಗೆ ಮಂಗಳಾರತಿ. ಒಬ್ಬರು ತಂದೆ ಪ್ರತಿಯನ್ನು ತರಿಸಿಕೊಂಡು, ಪೆನ್ಸಿಲಿನಲ್ಲಿ ಗುರುತು ಹಾಕಿ, ತಮ್ಮ ಮಗನಿಗೆ ಹದಿನಾಲ್ಕು ಮಾತು, ಪಕ್ಕದ ಮನೆಯ ಹುಡುಗನಿಗೆ ಮೂವತ್ತೊಂದು ಎಂದು ಲೆಕ್ಕ ತಂದಿದ್ದರು. ಇನ್ನೊಬ್ಬ ತಾಯಿ, ರಾಣಿಯ ಪಾತ್ರ ಸಿಕ್ಕದಿದ್ದರೂ ಪರವಾಗಿಲ್ಲ, ರಾಣಿಯ ಸೀರೆಯನ್ನೇ ಸಖಿಗೂ ಉಡಿಸಿ ಎಂದು ಕೇಳಿಕೊಂಡಿದ್ದರು.

ನಗು ಬರುತ್ತದೆ, ನಿಜ. ಆದರೆ ಹೀಗೆ ಕೇಳುವವರ ಮುಖ ನೋಡಿದರೆ ನಗಲಾಗುವುದಿಲ್ಲ. ಮಗು ಮನೆಯಲ್ಲಿ ಮುಸುಕೆಳೆದು ಮಲಗಿರುತ್ತದೆ. ಅದನ್ನು ಎಬ್ಬಿಸಿ ಊಟ ಮಾಡಿಸಬೇಕಾದವರು ಅವರು, ನಾನಲ್ಲ.

ಒಬ್ಬರನ್ನು ಮಾತ್ರ ಮರೆಯಲಾರೆ. ಬಿ.ಎಂ.ಟಿ.ಸಿ.ಯಲ್ಲಿ ಕಂಡಕ್ಟರ್ ಆಗಿದ್ದವರು. ಮಗನಿಗೆ ಆಳಿನ ಪಾತ್ರ, ಎರಡೇ ಮಾತು. ಅವರು ಬಂದು ನಿಂತಾಗ ಇನ್ನೊಂದು ಜಗಳ ಎಂದುಕೊಂಡೆ. ಅವರು ಕೇಳಿದ್ದು ಇಷ್ಟು: "ಅವನು ಎಷ್ಟೊತ್ತಿಗೆ ಸ್ಟೇಜಿಗೆ ಬರ್ತಾನೆ ಹೇಳಿ ಮಿಸ್. ಡ್ಯೂಟಿ ಹಂಗೆ ಹಾಕಿಸ್ಕೊತೀನಿ." ಹೇಳಿದೆ. ಆ ಸಂಜೆ ಖಾಕಿ ಅಂಗಿಯಲ್ಲೇ ಬಂದು, ಪೆಂಡಾಲಿನ ಕೊನೆಯಲ್ಲಿ ನಿಂತು, ಮಗನ ಎರಡು ಮಾತು ಕೇಳಿಕೊಂಡು ಮತ್ತೆ ಟ್ರಿಪ್ಪಿಗೆ ಓಡಿದರು. ಹುಡುಗ ಪರದೆಯ ಸಂದಿಯಿಂದ ಅಪ್ಪನನ್ನು ನೋಡಿದ್ದನ್ನು ನಾನು ನೋಡಿದೆ. ಅವನಿಗೆ ಪಾತ್ರ ಚಿಕ್ಕದು ಎಂದು ಯಾರೂ ಹೇಳಬೇಕಾಗಿರಲಿಲ್ಲ, ದೊಡ್ಡದು ಎಂದು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ.

ಇಷ್ಟು ತಿಳಿದವಳು ನನ್ನ ಮಗಳ ವಿಷಯದಲ್ಲಿ ಏನು ಮಾಡಿದೆ ಎಂಬುದನ್ನು ಈಗ ಹೇಳಬೇಕು.

೨೦೦೯ರಲ್ಲಿ ಅವಳು ನಮ್ಮ ಶಾಲೆಯಲ್ಲೇ ಒಂಬತ್ತನೇ ತರಗತಿ. ಆ ವರ್ಷ ಕೈಲಾಸಂ ಅವರ 'ಟೊಳ್ಳು ಗಟ್ಟಿ' ಆರಿಸಿದ್ದೆ. ಪರೀಕ್ಷೆಯಲ್ಲಿ ಮುಂದಿರುವ ಮಗನನ್ನು ಮನೆ ಹೊತ್ತು ಮೆರೆಸುತ್ತದೆ, ಹಿಂದಿರುವವನನ್ನು ಹಂಗಿಸುತ್ತದೆ. ಆಪತ್ತು ಬಂದಾಗ ಗಟ್ಟಿ ಯಾರು ಎಂಬುದು ಗೊತ್ತಾಗುತ್ತದೆ. ಮಾರ್ಕ್ಸ್ ಕಾರ್ಡು ಹಿಡಿದು ಓಡಾಡುವ ನಮ್ಮ ಜಯನಗರ, ಬನಶಂಕರಿಯ ತಂದೆತಾಯಿಯರಿಗೆ ಅದಕ್ಕಿಂತ ಬೇರೆ ನಾಟಕ ಬೇಕೆ? ತಾಯಿಯ ಪಾತ್ರಕ್ಕೆ ಐದು ಹುಡುಗಿಯರು ಓದಿದರು. ನನ್ನ ಮಗಳೂ ಓದಿದಳು. ಕೈಲಾಸಂ ಅವರ ಆ ಇಂಗ್ಲಿಷು ಬೆರೆತ ಮನೆಮಾತನ್ನು ಮಕ್ಕಳು ಪದ್ಯ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಅವಳು ಹಾಗೆ ಮಾಡಲಿಲ್ಲ. ನಮ್ಮ ಅತ್ತೆ ಅಡುಗೆಮನೆಯಿಂದ ಗೊಣಗುವಂತೆ ಗೊಣಗಿದಳು. ಹುಡುಗರೆಲ್ಲ ನಕ್ಕರು.

ಆ ಪಾತ್ರವನ್ನು ನಾನು ಇನ್ನೊಬ್ಬಳಿಗೆ ಕೊಟ್ಟೆ. ಮಗಳಿಗೆ ಪ್ರಾಂಪ್ಟರ್ ಕೆಲಸ. ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ನಿಲ್ಲುವುದು. ಮನೆಗೆ ಬಂದ ಮೇಲೆ ಅವಳು ಏನೂ ಕೇಳಲಿಲ್ಲ. ನಾನೇ ಪೀಠಿಕೆ ಹಾಕಿದೆ: "ಟೀಚರ್ ಮಗಳು ಅಂತ ಕೊಟ್ರು ಅನ್ನೋ ಮಾತು ಬರಬಾರದು ನೋಡು." ಅವಳು ಹೂಂ ಎಂದಳು. ನ್ಯಾಯವಾಗಿ ನಡೆದುಕೊಂಡೆ ಎಂಬ ಸಮಾಧಾನದಲ್ಲಿ ನಾನು ಹಾಯಾಗಿ ನಿದ್ದೆ ಮಾಡಿದೆ. ನಾಟಕದ ದಿನ ಆ ಇನ್ನೊಬ್ಬ ಹುಡುಗಿ ಮೂರು ಕಡೆ ಮಾತು ಮರೆತಳು. ಮೂರು ಸಲವೂ ಪರದೆಯ ಹಿಂದಿನಿಂದ ನನ್ನ ಮಗಳ ದನಿ ಸಣ್ಣಗೆ, ಸರಿಯಾಗಿ ಬಂತು.

ಇದರಲ್ಲಿ ಇನ್ನೊಂದು ಎಳೆಯೂ ಇದೆ. ೧೯೮೯ರಲ್ಲಿ ನಾನು ಬಿ.ಎ. ಓದುವಾಗ ಕಾಲೇಜಿನ ನಾಟಕಕ್ಕೆ ನನ್ನನ್ನೂ ಆರಿಸಿದ್ದರು. ರಿಹರ್ಸಲ್ ರಾತ್ರಿ ಎಂಟರವರೆಗೆ. ನಮ್ಮ ತಂದೆ ಬೈಯಲಿಲ್ಲ, ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ. "ಅದೆಲ್ಲ ನಮಗೆ ಬೇಡಮ್ಮ" ಎಂದರು, ಅಷ್ಟೇ. ಜ್ವರ ಎಂದು ಕಾಲೇಜಿಗೆ ಚೀಟಿ ಕಳಿಸಿದೆ. ನನ್ನ ಮಗಳಿಗೆ ಹೀಗೆಂದೂ ಹೇಳಬಾರದು ಎಂದು ನಿಶ್ಚಯ ಮಾಡಿಕೊಂಡಿದ್ದೆ. ಹೇಳಲೂ ಇಲ್ಲ. ಆದರೆ 'ಬೇಡ' ಎಂಬ ಮಾತನ್ನು ಆಡದೆಯೂ ಆ ಕೆಲಸ ಮಾಡಬಹುದಲ್ಲ!

ನಾಲ್ಕು ವರ್ಷದ ಮೇಲೆ ಅವಳು ಜಯನಗರದ ಕಡೆಯ ಒಂದು ಕಾಲೇಜಿಗೆ ಬಿ.ಕಾಂ. ಸೇರಿದಳು. ಅಲ್ಲಿ ನಾಟಕದ ತಂಡವಿತ್ತು, ಅಂತರ ಕಾಲೇಜು ಸ್ಪರ್ಧೆಗಳಿಗೆ ಹೋಗುವ ತಂಡ. ಆಯ್ಕೆಗೆ ಹದಿನೈದು ದಿನ ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ಹಿಂದೆ ಅಭ್ಯಾಸ. ಸಂಜೆ ಅಳು, ಕೂಗು, ಯಾರನ್ನೋ ಬೈಯುವುದು. ಎದುರು ಮನೆಯವರು ಎರಡು ದಿನ ತಡೆದುಕೊಂಡು ಮೂರನೆಯ ದಿನ ಬಾಗಿಲಿಗೇ ಬಂದರು: "ಏನ್ರೀ ಮೇಡಂ, ಮನೇಲೆಲ್ಲ ಚೆನ್ನಾಗಿದೀರಾ?"

ಆಯ್ಕೆಯ ದಿನ ನಾನು ಅರ್ಧ ದಿನ ರಜೆ ಹಾಕಿ ಕಾಲೇಜಿನ ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿಕೊಂಡು ಕಾದೆ. ಇಪ್ಪತ್ತು ವರ್ಷ ಮಕ್ಕಳನ್ನು ಆರಿಸುವ ಕುರ್ಚಿಯಲ್ಲಿ ಕುಳಿತವಳಿಗೆ ಬಾಗಿಲ ಹೊರಗೆ ನಿಲ್ಲುವುದೆಂದರೇನು ಎಂದು ಅವತ್ತೇ ಗೊತ್ತಾದದ್ದು. ಬಾಯಿ ಒಣಗುತ್ತದೆ. ಒಳಗಿನಿಂದ ನಗು ಕೇಳಿದರೆ ನಮ್ಮ ಮಗುವನ್ನು ನೋಡಿಯೇ ನಕ್ಕರೇನೋ ಅನಿಸುತ್ತದೆ. ಗೇಟಿಗೆ ಬರುತ್ತಿದ್ದ ಆ ತಾಯಂದಿರನ್ನೆಲ್ಲ ನೆನೆಸಿಕೊಂಡೆ. ಅರವತ್ತು ಮಂದಿ ಬಂದಿದ್ದರಂತೆ, ಬೇಕಾಗಿದ್ದದ್ದು ಎಂಟು. ಐದು ಗಂಟೆಗೆ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಹಾಕಿದರು. ಅವಳು ಬರುವ ನಡಿಗೆಯಲ್ಲೇ ತಿಳಿಯಿತು.

ನಾಲ್ಕನೇ ಬ್ಲಾಕಿನ ಒಂದು ದರ್ಶಿನಿಯಲ್ಲಿ ಬೈಟು ಕಾಫಿ ತೆಗೆದುಕೊಂಡು ನಿಂತೆವು. ಬಾಯಿಗೆ ಬಂದ ಸಮಾಧಾನದ ಮಾತುಗಳನ್ನೆಲ್ಲ ನುಂಗಿಕೊಂಡೆ. ಅವರಿಗೇನು ಗೊತ್ತು ಎನ್ನಲೇ? ಅವರಿಗೆ ಗೊತ್ತಿರಬಹುದು. ಹೋಗಲಿ ಬಿಡು, ನಾಟಕವೇನು ಅನ್ನ ಹಾಕುತ್ತದೆಯೇ ಎನ್ನಲೇ? ಅದಕ್ಕಾಗಿ ಹದಿನೈದು ದಿನ ಗಂಟಲು ಹರಿದುಕೊಂಡವಳಿಗೆ ಅದು ಸಮಾಧಾನವಲ್ಲ, ಅವಮಾನ. ಕಾಫಿ ಅರ್ಧವಾದಾಗ ಅವಳೇ ಕೇಳಿದಳು:

"ಅಮ್ಮ, ಒಂದು ಕೇಳ್ತೀನಿ, ನಿಜ ಹೇಳು. ಟೊಳ್ಳು ಗಟ್ಟೀಲಿ ನನಗೆ ಪಾರ್ಟು ಯಾಕೆ ಕೊಡ್ಲಿಲ್ಲ? ನನಗೆ ಬರ್ತಿರ್ಲಿಲ್ವಾ?"

ನಾಲ್ಕು ವರ್ಷ! ಆ ಪ್ರಶ್ನೆಯನ್ನು ಒಳಗಿಟ್ಟುಕೊಂಡೇ ಅವಳು ನೋಟಿಸ್ ಬೋರ್ಡಿನ ಮುಂದೆ ನಿಂತಿದ್ದಳು.

"ಬರ್ತಿತ್ತು. ಐದು ಜನರಲ್ಲಿ ನಿನಗೇ ಚೆನ್ನಾಗಿ ಬರ್ತಿತ್ತು. ಸ್ಟಾಫ್ ರೂಮಲ್ಲಿ ಏನಂತಾರೋ ಅಂತ ನಾನು ಹೆದರಿದೆ. ತಪ್ಪು ಮಾಡ್ದೆ ಕಣೆ."

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. "ಆವತ್ತೇ ಹೇಳಿದ್ರೆ ಒಂದಿನ ಅತ್ತು ಮುಗಿಸ್ತಿದ್ದೆ" ಎಂದಳು. ಆಮೇಲೆ, "ಇವತ್ತು ನಾನು ಚೆನ್ನಾಗಿ ಮಾಡ್ಲಿಲ್ಲ, ಅದು ಬೇರೆ" ಎಂದು ಸೇರಿಸಿದಳು. ಸ್ಕೂಟರಿನ ಹಿಂದೆ ಕುಳಿತು ಬನಶಂಕರಿಯವರೆಗೂ ಸುಮ್ಮನಿದ್ದಳು. ನಾನೂ ಮಾತಾಡಲಿಲ್ಲ.

ಈಗ ನನ್ನ ಬಳಿ ಬರುವ ಹಿರಿಯ ಮಕ್ಕಳ ತಂದೆತಾಯಿಯರ ಪ್ರಶ್ನೆ ಸ್ವಲ್ಪ ಬೇರೆ. ಹುಡುಗ ನಾಟಕವನ್ನೇ ಕಲಿಯುತ್ತೇನೆ ಎನ್ನುತ್ತಾನೆ, ಏನು ಮಾಡೋಣ ಮಿಸ್? ದಾರಿಗಳನ್ನು ಹೇಳುತ್ತೇನೆ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ ೧೯೮೦ರಲ್ಲಿ ಆರಂಭಿಸಿದ ರಂಗಶಿಕ್ಷಣ ಕೇಂದ್ರವಿದೆ, ಒಂದು ವರ್ಷದ ಡಿಪ್ಲೊಮಾ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಮೂರು ವರ್ಷ, ಆದರೆ ಅಲ್ಲಿಗೆ ಪದವಿ ಆಗಿರಬೇಕು, ನಾಟಕಗಳಲ್ಲಿ ಪಾಲ್ಗೊಂಡ ಅನುಭವವೂ ಬೇಕು. ಮೈಸೂರಿನಲ್ಲಿ ೧೯೮೯ರಲ್ಲಿ ಬಿ.ವಿ. ಕಾರಂತರ ಕೈಯಲ್ಲಿ ಶುರುವಾದ ರಂಗಾಯಣವಿದೆ. ಎಲ್ಲ ಕಡೆಯೂ ಬರುವವರು ಬಹಳ, ಜಾಗ ಕಡಿಮೆ. ಕಾರಂತರ ಕಥೆಯನ್ನೂ ಹೇಳುತ್ತೇನೆ. ಅವರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು. ಆಮೇಲೆ ಅವರನ್ನು ಓದಲು ಕಾಶಿಗೆ ಕಳಿಸಿದ್ದು ಅದೇ ಕಂಪನಿಯ ಯಜಮಾನರು! ಇಂದು ಮಕ್ಕಳು ಓಡಿಹೋಗಬೇಕಾಗಿಲ್ಲ, ನಾವೇ ಸ್ಕೂಟರಿನಲ್ಲಿ ಬಿಟ್ಟು ಬರುತ್ತೇವೆ. ಹಾಗೆ ಬಿಡುವಾಗ ಒಂದು ಮಾತು ಮಾತ್ರ ನೆನಪಿರಲಿ ಎನ್ನುತ್ತೇನೆ: ಆಯ್ಕೆಯಾಗದಿದ್ದರೆ ಆಗಲಿಲ್ಲ ಎಂದೇ ಹೇಳಿ. ಆಸೆಪಟ್ಟದ್ದೇ ತಪ್ಪು ಅನ್ನುವ ಹಾಗೆ ಮಾತ್ರ ಮಾಡಬೇಡಿ.

ನನ್ನ ಮಗಳು ನಟಿಯಾಗಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಮರುದಿನ ಅದೇ ತಂಡಕ್ಕೆ ಹೋಗಿ, ರಂಗದ ಹಿಂದೆ ಏನಾದರೂ ಕೆಲಸವಿದೆಯೇ ಎಂದು ಕೇಳಿದಳು. ಪ್ರಾಂಪ್ಟರ್ ಆಗಿ ಅಭ್ಯಾಸವಿದೆ ಎಂದು ಹೇಳಿಕೊಂಡಳಂತೆ. ನನ್ನನ್ನು ಚುಚ್ಚಲೆಂದೇ ಅದನ್ನು ಮನೆಯಲ್ಲಿ ಎರಡು ಸಲ ಹೇಳಿದಳು. ಅಲ್ಲಿಂದ ಬೆಳಕಿನ ಕೆಲಸ ಕಲಿತಳು. ಈಗ ಬನ್ನೇರುಘಟ್ಟ ರಸ್ತೆಯ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಾಳೆ, ಸಂಜೆ ಹವ್ಯಾಸಿ ತಂಡಗಳಿಗೆ ಲೈಟಿಂಗ್ ಮಾಡುತ್ತಾಳೆ.

ಹೋದ ತಿಂಗಳು ಜೆ.ಪಿ. ನಗರದ ರಂಗಶಂಕರದಲ್ಲಿ ಅವಳ ಬೆಳಕಿನ ನಾಟಕವಿತ್ತು. ೨೦೦೪ರಲ್ಲಿ ಅದು ಶುರುವಾದಾಗಿನಿಂದ ಅಲ್ಲಿನ ಶಿಸ್ತು ಊರಿಗೇ ಗೊತ್ತು, ನಾಟಕ ಶುರುವಾದ ಮೇಲೆ ಬಂದವರಿಗೆ ಪ್ರವೇಶವಿಲ್ಲ. "ಏಳೂವರೆ ಅಂದ್ರೆ ಏಳೂವರೆ" ಎಂದು ಮಗಳು ಬೆಳಿಗ್ಗೆಯೇ ಎಚ್ಚರಿಸಿದ್ದಳು. ಸಾರಕ್ಕಿ ಸಿಗ್ನಲ್ಲಿನಲ್ಲಿ ಆಟೋ ಸಿಕ್ಕಿಹಾಕಿಕೊಂಡು ನಾನು ತಲುಪುವಾಗ ನಾಲ್ಕು ನಿಮಿಷ ದಾಟಿತ್ತು. ಲೈಟಿಂಗ್ ಮಾಡುವವಳ ತಾಯಿ ಎಂದು ಹೇಳೋಣವೇ ಎಂದು ಒಂದು ಕ್ಷಣ ಅನಿಸಿತು. ಟೀಚರ್ ಮಗಳು ಎಂಬುದು ನೆನಪಾಗಿ ಸುಮ್ಮನಾದೆ. ಹೊರಗೆ ಕಾಫಿ ತೆಗೆದುಕೊಂಡು ಕುಳಿತೆ. ನಾಟಕ ಮುಗಿದು ಜನ ಹೊರಬರತೊಡಗಿದರು. ಎಲ್ಲರ ಕೊನೆಗೆ ಅವಳು ಬಂದಳು, ಕೈಯಲ್ಲಿ ವಯರಿನ ಸುರುಳಿ.

"ಒಳಗೆ ಬಿಡ್ಲಿಲ್ವಾ?" ಎಂದು ನಕ್ಕಳು. "ನಾಳೆ ಇನ್ನೊಂದು ಷೋ ಇದೆ. ಆರೂವರೆಗೇ ಮನೆ ಬಿಡು."