ಬಿಟ್ಟಾದ ಮೇಲೆ ಸಂಜೆ ಆರಕ್ಕೆ ಏನ್ಮಾಡೋದು?

ಫೋಟೋದಲ್ಲಿರೋದು ವಾಲಿಬಾಲ್ ನೆಟ್ಟು, ಹೊಸದು. ಅದರ ಕಥೆ ಕೊನೆಗೆ ಹೇಳ್ತೀನಿ. ಈ ಸಲದ ಕ್ಯಾಪ್ಶನ್ ಉದ್ದ ಐತಿ, ಚಹಾ ಹಿಡ್ಕೊಂಡು ಕೂತು ಓದ್ರಿ.

ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ. ಇದನ್ನ ಅವನಿಗೆ ಓದಿ ತೋರಿಸಿಯೇ ಹಾಕ್ತಿದೀನಿ. "ಹೆಸರೊಂದು ಬ್ಯಾಡಪಾ, ಉಳಿದಿದ್ದು ಬರಿ" ಅಂದ. ಕೆಲಸಕ್ಕೆ ಅಂತ ಊರು ಬಿಟ್ಟವನು ರೂಮಿನ ಹುಡುಗರ ಜೊತೆ ಗಾಂಜಾ ಹಚ್ಕೊಂಡ. ಮೊದಲು ಶನಿವಾರ, ಆಮೇಲೆ ದಿನಾ. ಕೆಲಸ ಹೋಯ್ತು, ಬೈಕ್ ಹೋಯ್ತು, ದೊಡ್ಡಮ್ಮನ ಕಿವಿಯೋಲೆ ಹೋಯ್ತು. ಕೊನೆಗೆ ಧಾರವಾಡದಲ್ಲಿ ಚಿಕಿತ್ಸೆ ಕೊಡಿಸಿ ಕರ್ಕೊಂಡು ಬಂದ್ರು.

ಎಲ್ಲರೂ ಕಥೆ ಇಲ್ಲಿಗೆ ಮುಗೀತು ಅಂದ್ಕೊಂಡ್ರು. ನಾನೂ ಅಷ್ಟೇ.

ಅವನು ಬಂದ ವಾರ ಅವರ ಮನೆಗೆ ಹೋಗಿದ್ದೆ. ನನ್ನ ಬ್ಯಾಗ್ ಗೂಟಕ್ಕೆ ನೇತುಹಾಕಿದ್ದೆ. ಅವನು ಒಳಗಿಂದ ಬರೋ ಸಪ್ಪಳ ಕೇಳಿ ಎದ್ದು ಹೋಗಿ ಬ್ಯಾಗಿಂದ ಪರ್ಸ್ ತೆಗೆದು ಜೇಬಿಗೆ ಹಾಕ್ಕೊಂಡೆ. ತಿರುಗಿ ನೋಡಿದ್ರೆ ಬಾಗಿಲಲ್ಲಿ ನಿಂತಿದ್ದಾನೆ. ಏನೂ ಅನ್ನಲಿಲ್ಲ. "ಚಹಾ ಕುಡಿತೀಯೇನೋ?" ಅಂದ. ಬೈದಿದ್ರೆ ಎಷ್ಟೋ ಚೊಲೋ ಇತ್ತು.

ಆಮೇಲೂ ನಾನೇನು ಸುಧಾರಿಸಲಿಲ್ಲ. ಅಕ್ಕನ ಮದುವೆಯಲ್ಲಿ ಬಡಿಸೋ ಹುಡುಗರ ಪಟ್ಟಿ ಬರೆದವನು ನಾನೇ, ಅದರಲ್ಲಿ ಅವನ ಹೆಸರಿಲ್ಲ. ನಮ್ಮೂರು ಮೈಲಾರ ಮಹದೇವಪ್ಪನವರ ಊರು, 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದವರ ಊರು. ಅಂಥ ಊರಲ್ಲಿ ಹುಟ್ಟಿದ ನಾನು ಅಣ್ಣನ ಜೊತೆ ಬಸ್‌ಸ್ಟ್ಯಾಂಡ್‌ವರೆಗೆ ನಡೆಯೋಕೆ ನಾಚ್ಕೊಂಡೆ.

ಮದುವೆ ಮುಗಿದ ಮೇಲೆ ದೊಡ್ಡಮ್ಮ ಒಂದು ಮಾತು ಅಂದ್ಳು. "ಗುಳಿಗಿ ಡಾಕ್ಟರ್ ಕೊಟ್ರು. ಗೆಳ್ಯಾರನ್ನ ಯಾರ್ ಕೊಡ್ತಾರೋ ತಮ್ಮಾ?"

ನೀವೇ ಯೋಚನೆ ಮಾಡ್ರಿ. ಸೇದೋದು ಬಿಡು ಅಂದ್ರೆ ಸೇದೋ ಗೆಳೆಯರನ್ನೂ ಬಿಡಬೇಕು, ಅವರು ಕೂರೋ ಜಾಗ ಬಿಡಬೇಕು, ನಂಬರ್ ಅಳಿಸಬೇಕು. ಅವನು ಎಲ್ಲಾ ಅಳಿಸಿದ. ಒಳ್ಳೆ ಹುಡುಗರು ಅಂತ ಹೇಳ್ಕೊಳ್ಳೋ ನಾವು ಅವನನ್ನ ಮೊದಲೇ ಅಳಿಸಿದ್ವಿ. ಸಂಜೆ ಆರರಿಂದ ಎಂಟರವರೆಗೆ ಗೋಡೆ ನೋಡ್ಕೊಂಡು ಕೂತಿರ್ತಿದ್ದ. ಆ ಎರಡು ತಾಸೇ ಭಾಳ ಕಷ್ಟ ಅಂತ ಅವನೇ ಆಮೇಲೆ ಹೇಳಿದ್ದು.

ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ ಬಗ್ಗೆ ಕೇಳಿರ್ತೀರಿ. 1975ರಿಂದ ಊರೂರಿಗೆ ಜೋಳಿಗೆ ಹಿಡ್ಕೊಂಡು ಹೋಗಿ ಜನರ ಚಟಗಳನ್ನೇ ಭಿಕ್ಷೆ ಬೇಡಿದವರು. ಅವರ ಹುಟ್ಟಿದ ದಿನ ಆಗಸ್ಟ್ 1 ಈಗ ವ್ಯಸನಮುಕ್ತ ದಿನ. ನಮ್ಮ ಕಾಲೇಜುಗಳಲ್ಲೂ ಅವತ್ತು ಪ್ರತಿಜ್ಞೆ, ಭಾಷಣ, ಗ್ರೂಪ್ ಫೋಟೋ. ನನಗೆ ಈಗ ಅನ್ಸೋದು, ಜೋಳಿಗೆಗೆ ಹಾಕಿ ಬರಿಗೈಯಲ್ಲಿ ಮನೆಗೆ ಬಂದವನಿಗೆ ಆಗಸ್ಟ್ 2ರಂದು ಯಾರು ಸಿಗ್ತಾರೆ? ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಲ್ಲಿ ಇದಕ್ಕೊಂದು ದಾರಿ ಐತಿ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರಿ ನವಜೀವನ ಸಮಿತಿ ಅಂತ ಮಾಡ್ಕೊಂಡು ಆಗಾಗ ಕೂಡ್ತಾರೆ. ಅದು ಕುಡಿತ ಬಿಟ್ಟವರದ್ದು. ಇಪ್ಪತ್ತನಾಲ್ಕರ ಹುಡುಗನಿಗೆ ತನ್ನ ವಯಸ್ಸಿನವರು ಬೇಕು, ಅಂದ್ರೆ ನಾವು.

ನಾನು ಮಾಡಿದ್ದು ದೊಡ್ಡದೇನಲ್ಲ. ಒಂದಿನ ಆರಕ್ಕೆ ಹೋಗಿ "ಬಾರೋ ಅಣ್ಣಾ, ಒಬ್ಬ ಕಡಿಮಿ ಅದಾನ" ಅಂದೆ. ಸುಳ್ಳು, ಜನ ಪೂರಾ ಇದ್ರು. ಮೊದಲ ದಿನ ಯಾರೂ ಅವನಿಗೆ ಪಾಸ್ ಕೊಡಲಿಲ್ಲ. ಒಬ್ಬ ನೇರವಾಗಿ "ಪೂರಾ ಬಿಟ್ಟೀಯೇನಲೇ?" ಅಂದ. ದಯವಿಟ್ಟು ಇದೊಂದು ಪ್ರಶ್ನೆ ಕೇಳಬ್ಯಾಡ್ರಿ. ಮನೆಯಲ್ಲಿ ದಿನಾ ಹತ್ತು ಸಲ ಕೇಳಿರ್ತಾರೆ. ಊಟ ಆಯ್ತಾ ಅನ್ರಿ, ಮ್ಯಾಚ್ ನೋಡಿದ್ಯಾ ಅನ್ರಿ.

ತಿಂಗಳಾದ ಮೇಲೆ ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಚೀಲ ಎಣಿಸಿ ಬರೆಯೋ ಕೆಲಸ ಸಿಕ್ತು. ಎಲ್ಲಾ ಸರಿಹೋಯ್ತು ಅನ್ನೋಷ್ಟರಲ್ಲಿ ಒಂದು ರಾತ್ರಿ ಫೋನ್ ಮಾಡಿದ. "ಇವತ್ತ ಸೇದಿದೆ." ನನಗೆ ಸಿಟ್ಟೂ ಬಂತು, ಅಳೂನೂ ಬಂತು. ಏನು ಮಾತಾಡಬೇಕೋ ತಿಳೀಲಿಲ್ಲ, 14416ಕ್ಕೆ ಫೋನ್ ಮಾಡಿದೆ, ಟೆಲಿ ಮಾನಸ್, ದುಡ್ಡು ಹತ್ತಲ್ಲ. ಕನ್ನಡದಲ್ಲೇ ಮಾತಾಡಿದ್ರು. ಒಮ್ಮೆ ಜಾರಿದ್ರೆ ಎಲ್ಲಾ ಹಾಳಾಯ್ತು ಅಂತಲ್ಲ, ಬೇಗ ಡಾಕ್ಟರ್ ಕಡೆ ಕರ್ಕೊಂಡು ಹೋಗಿ ಅಂದ್ರು. (ಚಟ ಬಿಡಿಸೋ ಸಹಾಯಕ್ಕೇ ಬೇರೆ ನಂಬರ್ ಐತಿ, 14446. ಸೇವ್ ಮಾಡ್ಕೊಳ್ರಿ.) ಧಾರವಾಡಕ್ಕೆ ಹೋಗಿಬಂದ ದಿನವೇ ಸಂಜೆ ಆರಕ್ಕೆ ಮತ್ತೆ ಕರೆದೆ. ಈ ಸಲ ನಿಜವಾಗಿಯೂ ಒಬ್ಬ ಕಡಿಮಿ ಇದ್ದ.

ಈಗ ನೆಟ್ಟಿನ ಕಥೆ. ಹಳೇದು ಹರಿದಿತ್ತು, ಹುಡುಗರು ಪಟ್ಟಿ ಹಾಕಿದ್ರು, 1,400 ರೂಪಾಯಿ ಕೂಡ್ತು. ರಾಣೇಬೆನ್ನೂರಿಗೆ ಹೋಗಿ ಯಾರು ತರೋದು ಅಂದಾಗ, ಅವತ್ತು ಪ್ರಶ್ನೆ ಕೇಳಿದ್ದ ಹುಡುಗನೇ ದುಡ್ಡನ್ನ ಅಣ್ಣನ ಕೈಗಿಟ್ಟ.

ಅಣ್ಣ ಹೋಗಿದ್ದು ಮಧ್ಯಾಹ್ನ. ನಾನು ಎರಡು ಸಲ ಫೋನ್ ಮಾಡಿದೆ. ಸುಳ್ಳು ಹೇಳಲ್ಲ, ದುಡ್ಡು ನೆನಪಾಗಿಯೇ ಮಾಡಿದ್ದು.

ಐದೂವರೆಗೆ ಬಸ್ ಇಳಿದ. ಹೆಗಲ ಮೇಲೆ ನೆಟ್ಟು, ಕೈಯಲ್ಲಿ ಬಿಲ್ಲು, ಉಳಿದ 60 ರೂಪಾಯಿ.

"ಎರಡ್ ಸಲ ಯಾಕ ಫೋನ್ ಮಾಡಿದ್ಯೋ?"

"ಬರ್ತಾ ಮಿರ್ಚಿ ತಾ ಅನ್ನಾಕ."

ನನ್ನ ಮುಖ ನೋಡಿದ, ನಕ್ಕ. "ಕಂಬ ಹಿಡಿ, ನೆಟ್ಟು ಕಟ್ಟೂಣು" ಅಂದ.

#ಮೋಟೆಬೆನ್ನೂರು #ಸಂಜೆಆರಕ್ಕೆ