ನಾಲ್ಕು ಊರು, ಒಂದು ಮನೋಮೂರ್ತಿ

ಕಳೆದ ಆಷಾಢಮಾಸದಲ್ಲಿ ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಈ ಊರುಗಳನ್ನು ಎರಡು ದಿನಗಳಲ್ಲಿ ನೋಡಿಬರುವ ಪ್ರಸಂಗವು ನನಗೆ ಒದಗಿತು. ಪ್ರವಾಸವೆಂಬುದು ಹೊರಗಿನ ನೆವ. ಒಳಗಿನ ಕಾರಣವು ಬೇರೆಯೇ ಇದ್ದಿತು. ನನ್ನ ತಮ್ಮನ ಕಿರಿಯ ಮಗನಿಗೆ ಈಗ ಹದಿನೇಳು ವರ್ಷ. ಅವನ ಅಣ್ಣನು ಹೋದ ವರ್ಷ ಜ್ವರದಿಂದ ತೀರಿಕೊಂಡನು. ಅಂದಿನಿಂದ ಹುಡುಗನು ಮಾತು ಕಡಮೆ ಮಾಡಿ, ಮಾಳಿಗೆಯ ಕೋಣೆಯಲ್ಲಿ ಕಣ್ಣು ಮುಚ್ಚಿ ಒಬ್ಬನೇ ಕುಳಿತುಕೊಳ್ಳಹತ್ತಿದನು. ವಿಚಾರಿಸಲಾಗಿ, ಅವನು 'ತುಲ್ಪಾ' ಎಂಬುದೊಂದನ್ನು ಮನಸ್ಸಿನಲ್ಲಿ ನಿರ್ಮಿಸಲು ಹೊರಟಿರುವನೆಂದು ತಿಳಿದುಬಂದಿತು.

ತುಲ್ಪಾ ಎಂದರೇನೆಂದು ವಾಚಕರು ಕೇಳಬಹುದು. ಬಹುದಿನಗಳ ಏಕಾಗ್ರತೆಯಿಂದ ಒಬ್ಬ ಸಂಗಾತಿಯನ್ನು ಕಲ್ಪಿಸಿ, ಅವನಿಗೊಂದು ರೂಪವನ್ನೂ ಇರಲಿಕ್ಕೊಂದು ಲೋಕವನ್ನೂ ಕೊಟ್ಟರೆ, ಅವನು ಕ್ರಮೇಣ ತಾನಾಗಿಯೇ ಮಾತನಾಡತೊಡಗುವನೆಂದು ಇದನ್ನು ಅಭ್ಯಾಸಮಾಡುವವರು ಹೇಳುತ್ತಾರೆ. ಲೋಕವನ್ನು ಹುಡುಗನು ಆಗಲೇ ಗೊತ್ತುಮಾಡಿದ್ದನು. ಅದು ಅಣ್ಣತಮ್ಮಂದಿರು ಕೂಡಿ ಆಡಿದ ಆ ಮಾಳಿಗೆಯೇ. ರೂಪದ ವಿಷಯದಲ್ಲಿ ಮಾತ್ರ, ಅಣ್ಣನ ಮುಖವನ್ನೇ ಕೊಡಲೋ ಬೇಡವೋ ಎಂದು ಹಿಂಜರಿಯುತ್ತಿದ್ದನು. ಅವನ ತಾಯಿಯು ಹೆದರಿ ನನ್ನನ್ನು ಕರೆಯಿಸಿದಳು. ಬೈದು ಬಿಡಿಸತಕ್ಕ ಸಂಗತಿ ಇದಲ್ಲವೆಂದು ತಿಳಿದು, ನಾನು ಅವನನ್ನು ಜೊತೆಗೆ ಕರೆದುಕೊಂಡು ಹೊರಟೆನು.

ಮೊದಲು ಬೀಳಗಿಯನ್ನು ಸೇರಿದೆವು. ಸಿದ್ಧೇಶ್ವರನ ದರ್ಶನ ಮಾಡಿ, ಹೆಸರಾದ ಆರೆತ್ತಿನ ಬಾವಿಯನ್ನು ನೋಡಿದೆವು. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಆಣೆಕಟ್ಟಿನ ಹಿನ್ನೀರು ಈ ತಾಲೂಕಿನ ಅನೇಕ ಹಳ್ಳಿಗಳನ್ನು ನುಂಗಿರುವುದು. ಹಾಗೆ ಊರು ಕಳೆದುಕೊಂಡವರಿಗಾಗಿ ಕಟ್ಟಿದ ಒಂದು ಹೊಸ ಊರಿನ ಕಟ್ಟೆಯ ಮೇಲೆ ವೃದ್ಧನೊಬ್ಬನು ಕುಳಿತಿದ್ದನು. ಮಾತಿಗೆ ಮಾತು ಬೆಳೆದು, ಅವನು ತನ್ನ ಮುಳುಗಿದ ಹಳ್ಳಿಯನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದನು: ಅಗಸಿಯಿಂದ ಎಡಕ್ಕೆ ಹೊರಳಿದರೆ ಹನುಮಪ್ಪನ ಗುಡಿ, ಅದರಾಚೆ ಬೇವಿನ ಮರ, ಮರದ ಎದುರಿಗೆ ತಮ್ಮ ಮನೆಯ ತೊಲೆಬಾಗಿಲು.

"ದಿನಾ ಮುಂಜಾನೆ ಕಣ್ಣ ಮುಚ್ಚಿ ಊರಾಗ ಒಂದ ಸುತ್ತ ಹಾಕಿ ಬರತೇನ್ರೀ," ಎಂದನು ಮುದುಕ.

"ಅಲ್ಲೇ ಇದ್ದುಬಿಡಬೇಕು ಅನಸೂದಿಲ್ಲೇನು, ಅಜ್ಜ?" ಎಂದು ಹುಡುಗನು ಕೇಳಿದನು.

"ಅನಸತೈತಿ. ಆದರ ಇಲ್ಲಿ ಮೊಮ್ಮಗ ಚಾ ಕುಡೀಲಿಕ್ಕೆ ಕರೀತಾನಲ್ಲ! ಹೋಗೂ ಹಾದಿ ಗೊತ್ತಿದ್ದಾಂಗ ಬರೂ ಹಾದೀನೂ ಗೊತ್ತಿರಬೇಕಪಾ."

ಹುಡುಗನು ಉತ್ತರ ಕೊಡಲಿಲ್ಲ. ಆದರೆ ಮುಧೋಳದ ಮೋಟಾರಿನಲ್ಲಿ ಕುಳಿತ ಬಳಿಕ ತಾನಾಗಿಯೇ ತುಲ್ಪಾದ ಮಾತನ್ನು ತೆಗೆದನು. ನಾನು ನನಗೆ ತಿಳಿದಷ್ಟನ್ನು ಹೇಳಿದೆನು. ಶಬ್ದವು ಟಿಬೆಟ್ಟಿನದು. ಬೌದ್ಧರು ನಿರ್ಮಾಣಕಾಯವೆಂದು ಕರೆಯುವ, ಬುದ್ಧರು ಲೋಕಹಿತಕ್ಕಾಗಿ ತಾಳುವ ರೂಪಗಳಿಗೆ ಸಂಬಂಧಿಸಿದ ಮಾತು. ಒಬ್ಬ ಮನುಷ್ಯನು ತನಗಾಗಿ ನಿರ್ಮಿಸಿಕೊಳ್ಳುವ ಸಂಗಾತಿ ಎಂಬ ಅರ್ಥವು ಅದಕ್ಕೆ ಪಶ್ಚಿಮದವರ ಕೈಯಲ್ಲಿ ಬಂದಿತು. ಅಲೆಕ್ಸಾಂಡ್ರಾ ಡೇವಿಡ್-ನೀಲ್ ಎಂಬ ಫ್ರೆಂಚ್ ಪ್ರವಾಸಿ ವಿದುಷಿಯು ಟಿಬೆಟ್ಟನ್ನು ಕುರಿತು 1929ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತನ್ನದೊಂದು ಪ್ರಯೋಗವನ್ನು ಬರೆದಿರುವಳು. ದೇವತೆಗಳ ಚಿತ್ರಗಳ ಪ್ರಭಾವವು ತಟ್ಟಬಾರದೆಂದು ಅವಳು ಬೇಕೆಂದೇ ಕುಳ್ಳಾದ, ದಪ್ಪನಾದ, ನಗೆಮುಖದ ಒಬ್ಬ ಸಾಮಾನ್ಯ ಸನ್ಯಾಸಿಯ ರೂಪವನ್ನು ಆರಿಸಿಕೊಂಡಳು. ಕೆಲವು ತಿಂಗಳುಗಳಲ್ಲಿ ಅವನು ಅವಳಿಗೆ ಕಾಣಿಸಿಕೊಂಡು ಪ್ರವಾಸದಲ್ಲಿ ಜೊತೆಗೆ ನಡೆದನಂತೆ. ಆದರೆ ಬರಬರುತ್ತ ಅವನ ಮೈ ಕೃಶವಾಗಿ, ಮುಖದಲ್ಲಿ ಕುಹಕವು ಮೂಡಿತು. ಅವನನ್ನು ಕರಗಿಸಲಿಕ್ಕೆ ಅವಳಿಗೆ ಆರು ತಿಂಗಳ ಕಷ್ಟವಾಯಿತೆಂದು ಬರೆದಿರುವಳು.

"ನಗುವ ಮುಖ ಕೊಟ್ಟರೂ ಹಾಗಾಯಿತೇ?" ಎಂದು ಹುಡುಗನು ಬೆರಗಾಗಿ ಕೇಳಿದನು. ಅದಕ್ಕೆ ಉತ್ತರವು ಮುಧೋಳದಲ್ಲಿಯೇ ಇರುವುದೆಂದು ಹೇಳಿದೆನು.

ಮುಧೋಳವು ಘಟಪ್ರಭೆಯ ಊರು, ಘೋರ್ಪಡೆಯವರ ಸಂಸ್ಥಾನವಾಗಿದ್ದುದು. ಬೇಟೆನಾಯಿಗಳಿಂದ ಅದರ ಹೆಸರು ದೂರ ಹಬ್ಬಿದೆ. ಆದರೆ ಕನ್ನಡಿಗರಿಗೆ ಇದು ಮೊದಲು ರನ್ನನ ಮುದುವೊಳಲು. ಬಳೆಗಾರರ ಮನೆಯಲ್ಲಿ ಜಿನವಲ್ಲಭ-ಅಬ್ಬಲಬ್ಬೆಯರ ಮಗನಾಗಿ ಹತ್ತನೆಯ ಶತಮಾನದಲ್ಲಿ ಹುಟ್ಟಿದ ಈ ಕವಿಯು, ತನ್ನ ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ 'ಗದಾಯುದ್ಧ'ವನ್ನು ರಚಿಸಿದನು. ನಾಯಕನು ಭೀಮ, ವೈರಿಯು ದುರ್ಯೋಧನ. ಕವಿಯು ಆರಿಸಿದ ರೂಪಗಳು ಇಷ್ಟು ಸ್ಪಷ್ಟ. ಆದರೆ ರಣರಂಗದ ಹೆಣಗಳ ನಡುವೆ ತಮ್ಮನಿಗಾಗಿ, ಮಗನಿಗಾಗಿ, ಗೆಳೆಯ ಕರ್ಣನಿಗಾಗಿ ಗೋಳಿಡುತ್ತ ನಡೆಯುವ ದುರ್ಯೋಧನನು ಸಾವಿರ ವರ್ಷಗಳಿಂದಲೂ ಓದುಗರ ಮರುಕವನ್ನು ತನ್ನ ಕಡೆಗೆ ಸೆಳೆದುಕೊಂಡಿರುವನು. ಮನಸ್ಸು ಕಟ್ಟಿದ ಮೂರ್ತಿಯು ಚೆನ್ನಾಗಿ ಜೀವ ತಳೆದರೆ ಕಟ್ಟಿದವನ ಅಂಕೆಯಲ್ಲಿ ನಿಲ್ಲುವುದಿಲ್ಲ. ಕವಿಗೆ ಅದು ಭಾಗ್ಯ. ದುಃಖದಲ್ಲಿರುವ ಹುಡುಗನಿಗೆ ಏನೆಂದು ನಾನು ಹೇಳಲಿಲ್ಲ. ಅವನೇ ವಿಚಾರಮಾಡಲೆಂದು ಬಿಟ್ಟೆನು.

ಆ ರಾತ್ರಿ ಮುಧೋಳದಲ್ಲಿ ತಂಗಿ, ಮರುದಿನ ಮಂಗಳವಾರ ಜಮಖಂಡಿಗೆ ಬಂದೆವು. ಪಟವರ್ಧನರ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರಿಹೋದರೂ, ರಾಮತೀರ್ಥದ ಗುಡ್ಡದ ಮೇಲಿನ ಅರಮನೆಯು ಆ ದಿನಗಳನ್ನು ಇನ್ನೂ ನೆನಪಿಗೆ ತರುತ್ತದೆ. ಈ ಊರಿನಲ್ಲಿ 1886ರ ಜುಲೈ 3ರಂದು ಗುರುದೇವ ರಾನಡೆಯವರು ಜನಿಸಿದರು. 1901ರಲ್ಲಿ, ಇನ್ನೂ ಶಾಲೆಯ ಹುಡುಗರಾಗಿದ್ದಾಗಲೇ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮದೀಕ್ಷೆಯನ್ನು ಪಡೆದರು. ಮುಂದೆ ಅಲಹಾಬಾದದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಕಡೆಗೆ ನಿಂಬಾಳದ ಆಶ್ರಮದಲ್ಲಿ ನೆಲೆಸಿ, 1957ರಲ್ಲಿ ದೇಹವನ್ನು ಬಿಟ್ಟರು.

ನಮ್ಮ ಧ್ಯಾನಶ್ಲೋಕಗಳು ದೇವತೆಯ ಕೈಗಳೆಷ್ಟು, ಆಯುಧವಾವುದು, ವಾಹನವಾವುದು ಎಂದು ಮೊದಲೇ ಗೊತ್ತುಮಾಡಿಕೊಡುತ್ತವೆ. ದೇವಿಗಾದರೆ ಅಮೃತಸಾಗರದ ನಡುವಿನ ಮಣಿದ್ವೀಪವೆಂಬ ಲೋಕವೂ ಉಂಟು. ಶರಣರು ಕಣ್ಣು ಮೂಗುಗಳಿಲ್ಲದ ಇಷ್ಟಲಿಂಗವನ್ನೇ ಅಂಗೈಯಲ್ಲಿ ಇರಿಸಿಕೊಂಡರು. ರಾನಡೆಯವರ ಸಂಪ್ರದಾಯದಲ್ಲಿ ಗುರುವು ಕೊಡುವುದು ನಾಮವನ್ನು; ಬಣ್ಣ, ಬೆಳಕು, ರೂಪಗಳು ಕಂಡರೆ ತಾವಾಗಿ ಕಾಣಬೇಕು. ಕಂಡದ್ದು ನಿಜವೋ ಭ್ರಮೆಯೋ ಎಂಬ ಪ್ರಶ್ನೆಯನ್ನು ಆ ತತ್ತ್ವಜ್ಞರು ಬದಿಗೆ ಸರಿಸಲಿಲ್ಲ. ಅನುಭವದಿಂದ ಬುದ್ಧಿಯು ತಿಳಿಯಾಯಿತೇ, ನಡತೆಯು ಮೇಲಾಯಿತೇ ಎಂಬುದನ್ನೂ ಒರೆಗಲ್ಲಾಗಿ ಹಿಡಿದರು. ಇದನ್ನು ಕೇಳಿ ಹುಡುಗನು ಬಹಳ ಹೊತ್ತು ಸುಮ್ಮನೆ ನಡೆದು, "ನಾನು ಮಾಳಿಗೆಯಲ್ಲಿ ಕುಳಿತಾಗಿನಿಂದ ಅವ್ವನ ಜೊತೆ ನೆಟ್ಟಗೆ ಮಾತಾಡಿಲ್ಲ, ದೊಡ್ಡಪ್ಪ," ಎಂದನು.

ಸಂಜೆಯ ಹೊತ್ತಿಗೆ ರಬಕವಿ-ಬನಹಟ್ಟಿಯನ್ನು ಮುಟ್ಟಿದೆವು. ಇದು ನೇಕಾರರ ನಾಡು. ಓಣಿ ಓಣಿಯಲ್ಲಿ ಮಗ್ಗದ ಸಪ್ಪಳ. ನೇಕಾರರೊಬ್ಬರು ತಮ್ಮ ಮಗ್ಗವನ್ನು ತೋರಿಸುತ್ತ, ಹಾಸಿನ ಬಣ್ಣವನ್ನು ನೇಯುವ ಮೊದಲೇ ಗೊತ್ತುಮಾಡಬೇಕೆಂದೂ, ಏರಿಸಿದ ಬಳಿಕ ಅದನ್ನು ಬದಲಿಸಲು ಬಾರದೆಂದೂ, ಹೊಕ್ಕನ್ನು ಮಾತ್ರ ಬೇಕಾದಾಗ ಬದಲಿಸಬಹುದೆಂದೂ ತಿಳಿಸಿದರು. "ಅದಕ್ಕs ಹಾಸ ಹಾಕೂ ಮುಂದ ಅವಸರ ಮಾಡಬಾರದು," ಎಂದರು. ಹುಡುಗನು ಆ ಮಾತನ್ನು ನನ್ನಿಂದ ಇನ್ನೊಮ್ಮೆ ಹೇಳಿಸಿಕೊಂಡನು.

ಹೊರಗೆ ಬರುವಷ್ಟರಲ್ಲಿ ಓಣಿಯ ಹುಡುಗಿಯರು ಗುಳ್ಳವ್ವನನ್ನು ಹೊತ್ತು ನಡೆದಿದ್ದರು. ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೇಲೆ ಆಷಾಢದ ಮಂಗಳವಾರಗಳಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಮಣ್ಣಿನಿಂದ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಒತ್ತಿ ಸಿಂಗರಿಸಿ, ಹಾಡಿ ಪೂಜಿಸುವುದನ್ನು ವಾಚಕರು ಬಲ್ಲರು. ನಾಲ್ಕು ದಿನದ ಗೆಳತಿಗೆ ಎಷ್ಟು ಉಪಚಾರ! ಸಂಜೆಯಾಯಿತೆಂದರೆ ಬುತ್ತಿ ಕಟ್ಟಿಕೊಂಡು ಹೋಗಿ ಅವಳನ್ನು ಕಳುಹಿಸಿಬರುವರು. ಮುಂದಿನ ವಾರಕ್ಕೆ ಹೊಸ ಮಣ್ಣು, ಹೊಸ ಗುಳ್ಳವ್ವ. ನಮ್ಮ ಹಿರಿಯರು ಆವಾಹನೆಯನ್ನು ಹೇಳಿದಲ್ಲೆಲ್ಲ ವಿಸರ್ಜನೆಯನ್ನೂ ಹೇಳಿರುವರು. ಟಿಬೆಟ್ಟಿನ ಬೌದ್ಧರೂ ದೇವತೆಯನ್ನೂ ಅವಳ ಮಂಡಲವನ್ನೂ ಮನಸ್ಸಿನಲ್ಲಿ ಕಟ್ಟಿ, ಧ್ಯಾನದ ಕೊನೆಯಲ್ಲಿ ಎಲ್ಲವನ್ನೂ ಶೂನ್ಯದಲ್ಲಿ ಕರಗಿಸುವರು. ಬೀಳಗಿಯ ಮುದುಕನು ಹೇಳಿದ ಬರುವ ಹಾದಿಯು ಇದೇ ಅಲ್ಲವೇ?

ಹುಡುಗನು ಗುಳ್ಳವ್ವನ ಹಿಂದೆಯೇ ನೋಡುತ್ತ ನಿಂತಿದ್ದನು. ಮರಳಿ ಬರುವಾಗ ಮೋಟಾರಿನಲ್ಲಿ ಅವನು ಮೆಲ್ಲಗೆ ಹೇಳಿದ ಮಾತು ಹೀಗಿತ್ತು:

"ಅಣ್ಣನ ರೂಪ ಕೊಡೂದಿಲ್ಲ, ದೊಡ್ಡಪ್ಪ. ಮೂರ್ತಿ ತನ್ನ ಮನಸ್ಸಿಗೆ ಬಂದಹಾಗೆ ಮಾತಾಡತೊಡಗಿದರೆ, ಅಣ್ಣ ಎಂದೂ ಆಡದ ಮಾತುಗಳು ಅವನ ಬಾಯೊಳಗ ಕೂಡತಾವ. ಆಮೇಲೆ ಅವನು ಖರೇ ಆಡಿದ ಮಾತು ಯಾವವು ಅಂತ ನನಗs ಗೊತ್ತಾಗೂದಿಲ್ಲ. ಅವನನ್ನ ಕರಗಿಸೂ ಪ್ರಸಂಗ ಬಂದರ, ಎರಡನೇ ಸಲ ಕಳಕೊಂಡಹಾಗ ಆಗತೈತಿ."

ನಾನು ಅವನ ಬೆನ್ನ ಮೇಲೆ ಕೈಯಿಟ್ಟೆನು. ಇದಕ್ಕಿಂತ ಹೆಚ್ಚಿನದನ್ನು ನಾನಾದರೂ ಹೇಳಲಾರದವನಾಗಿದ್ದೆನು.

ಮನೆ ಮುಟ್ಟಿದಾಗ ರಾತ್ರಿ ಬಹಳವಾಗಿತ್ತು. ತಾಯಿಯು ಉಣ್ಣದೆ ಕಾದು ಕುಳಿತಿದ್ದಳು. ಹುಡುಗನು ಕೈಕಾಲು ತೊಳೆದು ಬಂದು, ಅವಳ ಮಗ್ಗುಲಲ್ಲಿ ಎಲೆ ಹಾಕಿಸಿಕೊಂಡನು. ಊಟದ ನಡುವೆ, "ಅವ್ವಾ, ಅಣ್ಣ ಸಣ್ಣವನಿದ್ದಾಗ ಏನೇನು ಮಾತಾಡತಿದ್ದ, ಹೇಳು, ಬರೆದಿಡತೇನಿ," ಎಂದನು. ಆ ಮನೆಯಲ್ಲಿ ತೀರಿಕೊಂಡವನ ಹೆಸರು ವರ್ಷದಿಂದ ಬಾಯಿಗೆ ಬಂದಿರಲಿಲ್ಲ. ಅವಳು ಮೊದಲು ಅತ್ತಳು, ಆಮೇಲೆ ಹೇಳಲಾರಂಭಿಸಿದಳು. ನಾವು ಏಳುವಾಗ ಕೋಳಿ ಕೂಗಿತ್ತು.