ಒಂದೇ ತೊಟ್ಟು ಎಣ್ಣೆ

ಅಮೃತೂರಿನ ನಮ್ಮ ಮನೆಯಲ್ಲಿ ದೊಡ್ಡಪ್ಪನವರದೊಂದು ಏರ್‌ಗನ್ ಇದ್ದಿತು. ತೆಂಗಿನ ತೋಟಕ್ಕೆ ನುಗ್ಗುವ ಕೋತಿಗಳನ್ನು ಸದ್ದಿನಿಂದ ಬೆದರಿಸುವುದೇ ಅದರ ಕೆಲಸ. ಅದರೊಳಗೆ ಸೈಕಲ್ ಪಂಪಿನಲ್ಲಿರುವಂತಹುದೇ ಚರ್ಮದ ವಾಷರು. ಒಣಗಿದರೆ ಗಾಳಿ ಸೋರುತ್ತದೆ. ಆದುದರಿಂದ ದೊಡ್ಡಪ್ಪನವರು ಆಗಾಗ ಒಂದೇ ತೊಟ್ಟು ಎಣ್ಣೆ ಬಿಡುತ್ತಿದ್ದರು.

ನನಗಾಗ 12 ವರ್ಷ. ಆ ಜಿಪುಣತನ ಹಿಡಿಸಲಿಲ್ಲ. ಅವರಿಲ್ಲದ ಒಂದು ಮಧ್ಯಾಹ್ನ ಅಮ್ಮನ ಹೊಲಿಗೆ ಯಂತ್ರದ ಎಣ್ಣೆಯನ್ನು ಧಾರಾಳವಾಗಿ ಸುರಿದೆ. ಕುದುರೆಯನ್ನು (ಕುಣಿಗಲ್ಲಿನದಲ್ಲ, ಬಂದೂಕಿನದು!) ಎಳೆದೊಡನೆ ‘ಢಂ’ ಎಂದಿತು, ನಳಿಗೆಯಿಂದ ಹೊಗೆಯೂ ಬಂದಿತು. ನಿಜವಾದ ಕೋವಿಯೇ ಆಯಿತೆಂದು ಹಿಗ್ಗಿದೆ. ಥಟ್ಟನೆ ಅದುಮಿದ ಗಾಳಿ ಕಾದು ಎಣ್ಣೆಯನ್ನು ಹೊತ್ತಿಸುತ್ತದೆ, ಡೀಸೆಲ್ ಎಂಜಿನ್ನಿನ ಗುಟ್ಟೂ ಅದೇ ಎಂಬುದು ಆಗೆಲ್ಲಿ ತಿಳಿದಿತ್ತು? ಏಳೆಂಟು ಗುಂಡು ಹಾರುವಷ್ಟರಲ್ಲಿ ಸ್ಪ್ರಿಂಗು ಮುರಿಯಿತು. “ತಾನಾಗಿಯೇ ಮುರಿಯಿತು” ಎಂದು ಸುಳ್ಳು ಹೇಳಿದೆ. ದೊಡ್ಡಪ್ಪನವರು ನಳಿಗೆಯನ್ನು ಮೂಸಿ ನೋಡಿ ಸುಮ್ಮನಾದರು. ಬಂದೂಕು ಅಟ್ಟ ಸೇರಿತು.

ಕಳೆದ ವರ್ಷ ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಮೊಮ್ಮಗನ ಬಳಿ ಗ್ಯಾಸಿನ ಒತ್ತಡದಿಂದ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಪಿಸ್ತೂಲು. ಅದರಲ್ಲಿ ಚರ್ಮಕ್ಕೆ ಬದಲು ರಬ್ಬರಿನ ಉಂಗುರಗಳು. ಯಂತ್ರದ ಎಣ್ಣೆ ತಗಲಿದರೆ ಅವು ಊದಿ ಕೆಡುತ್ತವೆ. ಸಿಲಿಕೋನ್ ಎಣ್ಣೆಯೇ ಆಗಬೇಕು. ಎತ್ತಿಡುವಾಗ ಮ್ಯಾಗಜೀನಿನಲ್ಲಿ ಕೊಂಚ ಗ್ಯಾಸನ್ನೂ ಉಳಿಸಬೇಕಂತೆ, ಉಂಗುರಗಳು ಬಿಗಿಯಾಗಿ ಕೂತಿರಲೆಂದು.

ಇಷ್ಟನ್ನೂ ವಿವರಿಸಿ ಹುಡುಗನು ಎಣ್ಣೆಯ ಸೀಸೆಯನ್ನು ನನ್ನ ಕೈಗಿತ್ತು, “ಒಂದೇ ತೊಟ್ಟು, ತಾತ” ಎಂದನು.

ಕೈ ನಡುಗಿ ಎರಡು ಬಿದ್ದವು. ಅವನು ಬಟ್ಟೆಯಿಂದ ಒರೆಸತೊಡಗಿದನು. ಅಟ್ಟ ಸೇರಿದ ಬಂದೂಕಿನ ಕಥೆಯನ್ನು ನಾನು ಮೊದಲ ಬಾರಿಗೆ ನಡೆದದ್ದು ನಡೆದಂತೆ ಹೇಳಿದೆ.